ಸಕ್ಕರೆ ಕಾಯಿಲೆಯೂ ಹೃದಯದ ಸ್ನಾಯುವೂ
(ವಾಚನಾಲಯದ ಆದಿತ್ಯವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನರು. ಆದರೂ ಈ ವಿಷಯವನ್ನು ಓದಿಕೊಳ್ಳಬೇಕಾಗಿ ಬಂತು. ನಮ್ಮ ಖಾತೆಯ ಹಿರಿಯರೊಬ್ಬರಿಗೆ ಹತ್ತು ವರ್ಷದಿಂದ ಮಧುಮೇಹ. ಎರಡು ಮಾಳಿಗೆ ಹತ್ತುವಷ್ಟರಲ್ಲಿ ಏದುಸಿರು. ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯುತ್ತಿತ್ತು. "ವಯಸ್ಸಾಯಿತಲ್ಲ, ರಾಯರೇ" ಎಂದು ನಾವೇ ಸಮಾಧಾನ ಹೇಳುತ್ತಿದ್ದೆವು. ಎದೆನೋವಿರಲಿಲ್ಲವಾಗಿ ಹೃದಯದ ಮಾತೇ ಏಳಲಿಲ್ಲ. ಆ ತಪ್ಪು ನಮ್ಮದು.

ಹೃದಯದ ಕೆಡುಕೆಂದರೆ ನಾಳ ಕಟ್ಟುವುದೊಂದೇ ಎಂದು ನಾವೆಲ್ಲ ತಿಳಿದಿದ್ದೇವೆ. ಹಾಗಲ್ಲ. 1972ರಲ್ಲಿ ಅಮೆರಿಕದ ರೂಬ್ಲರ್ ಮತ್ತು ಸಂಗಡಿಗರು, ಹೃದಯ ಸೋತು ತೀರಿಕೊಂಡ ನಾಲ್ವರು ಮಧುಮೇಹಿಗಳಲ್ಲಿ ದೊಡ್ಡ ನಾಳಗಳು ಕಟ್ಟಿರದಿದ್ದರೂ ಸ್ನಾಯುವೇ ಕೆಟ್ಟಿದ್ದುದನ್ನು ವರದಿ ಮಾಡಿದರು. 1974ರ ಫ್ರೇಮಿಂಗ್‌ಹ್ಯಾಮ್ ವರದಿಯಂತೆ ಮಧುಮೇಹವಿದ್ದ ಗಂಡಸರಲ್ಲಿ ಹೃದಯ ಸೋಲುವ ಭಯ ಇಮ್ಮಡಿಗಿಂತ ಹೆಚ್ಚು, ಹೆಂಗಸರಲ್ಲಿ ಸುಮಾರು ಐದು ಪಟ್ಟು.

ಪ್ರತಿ ಬಡಿತಕ್ಕೂ ಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದನ್ನು ಗಿರಣಿಯ ಭೋಂಗಾ ಎನ್ನಿರಿ. ಟ್ರೊಪೋನಿನ್ ಎಂಬ ಪ್ರೋಟೀನು ಗೇಟಿನ ಕಾವಲುಗಾರ. ಭೋಂಗಾ ಕೇಳಿದೊಡನೆ ಟ್ರೊಪೊಮಯೋಸಿನ್ ಎಂಬ ಅಗುಳಿಯನ್ನು ಸರಿಸುತ್ತಾನೆ. ಆಗ ಮಯೋಸಿನ್ ಎಳೆಗಳು ಆಕ್ಟಿನ್ ಎಳೆಗಳನ್ನು ಹಿಡಿದು ಜಗ್ಗುತ್ತವೆ, ಸ್ನಾಯು ಕುಗ್ಗುತ್ತದೆ. ಆಮೇಲಿನ ಕೆಲಸವೂ ಅಷ್ಟೇ ದೊಡ್ಡದು. ಸೆರ್ಕಾ ಎಂಬ ಪಂಪು ಆ ಕ್ಯಾಲ್ಸಿಯಮ್ಮನ್ನು ಕೋಶದೊಳಗಿನ ಉಗ್ರಾಣಕ್ಕೆ ಮರಳಿ ಸೇದಬೇಕು; ಸ್ನಾಯು ಸಡಿಲಿದರೆ ತಾನೆ ಹೃದಯದಲ್ಲಿ ರಕ್ತ ತುಂಬುವುದು! ಈ ಪಂಪಿಗೆ ಫಾಸ್ಫೊಲ್ಯಾಂಬನ್ ಎಂಬ ಬ್ರೇಕೂ ಉಂಟು.

ಮಧುಮೇಹ ಬರಿಸಿದ ಇಲಿಗಳಲ್ಲಿ ಪಂಪು ಮಂದವಾಯಿತು, ಬ್ರೇಕಿನ ಹಿಡಿತ ಹೆಚ್ಚಿತು. ಟ್ರೊಪೋನಿನ್ನಿಗೆ ಫಾಸ್ಫೇಟು ಅಂಟುವ ಕ್ರಮವೂ ಕೆಟ್ಟು, ಕ್ಯಾಲ್ಸಿಯಮ್ಮಿನ ಕರೆಗೆ ಅದು ಸರಿಯಾಗಿ ಓಗೊಡದಾಯಿತು. ಚುರುಕು ಮಯೋಸಿನ್ನಿನ ಜಾಗಕ್ಕೆ ನಿಧಾನದ ಮಯೋಸಿನ್ ಬಂತು. ಇನ್ಸುಲಿನ್ ಕೊಟ್ಟಾಗ ಅದು ಮತ್ತೆ ಹಿಂದಿನಂತಾಯಿತು. ಓದುವಾಗ ನಮಗೆ ಧೈರ್ಯ ಬಂದದ್ದು ಇಲ್ಲಿಯೇ. ಮನುಷ್ಯನ ಹೃದಯದಲ್ಲಾದರೋ ಮೊದಲಿನಿಂದಲೂ ನಿಧಾನದ ಬಗೆಯೇ ಹೆಚ್ಚು. ಇಲಿಯ ಲೆಕ್ಕವನ್ನು ಇದ್ದಂತೆಯೇ ನಮ್ಮ ಖಾತೆಗೆ ಬರೆದುಕೊಳ್ಳಲಾಗದು.

ಆದರೆ ಮನುಷ್ಯರಲ್ಲಿಯೂ ಅನೇಕ ವೇಳೆ ಮೊದಲು ಕೆಡುವುದು ಸಡಿಲುವಿಕೆ. ಹೃದಯ ಸರಿಯಾಗಿ ತುಂಬದೆ ಒತ್ತಡ ಶ್ವಾಸಕೋಶದ ಕಡೆಗೆ ತಿರುಗುತ್ತದೆ. ಅದೇ ಮೆಟ್ಟಿಲಿನ ಏದುಸಿರು. ನಮ್ಮ ಹಿರಿಯರನ್ನು ಕೊನೆಗೆ ಎಕೋ ಪರೀಕ್ಷೆಗೆ ಕರೆದೊಯ್ದಾಗ ಕುಗ್ಗುವ ಬಲ ಚೆನ್ನಾಗಿಯೇ ಇತ್ತು. ಸಡಿಲುವುದು ಮಾತ್ರ ಮಂದ. ಈಗ ಔಷಧ ನಡೆದಿದೆ, ಚಪ್ಪಲಿ ಸಲೀಸಾಗಿದೆ.

ಸಕ್ಕರೆ ಇದ್ದು ಏದುಸಿರೂ ಇರುವವರು ಸಭೆ ಮುಗಿದ ಮೇಲೆ ನಮ್ಮನ್ನು ಕಾಣಿರಿ. ಬರುವ ವಾರ ನಮಗೆ ಎರಡನೆಯ ಪಾಳಿ. ಬೆಳಿಗ್ಗೆ ಆಸ್ಪತ್ರೆಗೆ ಜೊತೆಗೆ ಬರುತ್ತೇವೆ.