ಹಬ್ಬದ ಉಡುಗೊರೆಯ ಹೊದಿಕೆ

ಗೌರೀಹಬ್ಬದ ಬಾಗಿನವನ್ನು ಒಮ್ಮೆ ನೆನೆಯಿರಿ. ‘ವಾಯನ’ವೆಂಬ ಸಂಸ್ಕೃತ ಶಬ್ದದ ತದ್ಭವವಿದು. ಅರಿಸಿನ ಬಳಿದು ಒಣಗಿಸಿದ ಬಿದಿರಿನ ಮೊರ. ಅದರೊಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ರವಿಕೆಯ ಕಣ. ಮುಚ್ಚುವುದಕ್ಕೆ ಇನ್ನೊಂದು ಮೊರ. ಹಬ್ಬ ಕಳೆದ ಮೇಲೆ ಆ ಮೊರಗಳೆರಡೂ ಅಕ್ಕಿ ಕೇರಲು ಒದಗುತ್ತವೆ. ಹೊದಿಕೆಯೇ ಉಡುಗೊರೆಯಾದ ಮೇಲೆ ಬಿಸಾಡುವುದೇನುಂಟು? (ಈಚೆಗೆ ಬಾಗಿನಕ್ಕೂ ಪ್ಲಾಸ್ಟಿಕ್ ಮೊರ ಬಂದಿದೆ, ಅದು ನನಗೆ ಒಗ್ಗದು.)

ದೀಪಾವಳಿಯ ಉಡುಗೊರೆಗಳ ಮಾತೇ ಬೇರೆ. ಥಳಥಳಿಸುವ ಕಾಗದ, ಅಂಟುಪಟ್ಟಿ, ಮೇಲೊಂದು ರಿಬ್ಬನ್ನು. ಬಿಚ್ಚಿದ ಅರೆಗಳಿಗೆಯಲ್ಲಿ ಎಲ್ಲವೂ ಕಸ. ಮಿಠಾಯಿ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಆದರೆ ನಾವು ಕಾಗದವೆಂದು ನಂಬಿ ಕೊಂಡದ್ದೂ ಎಷ್ಟೋ ಸಲ ಬರಿಯ ಕಾಗದವಲ್ಲ. ಪರೀಕ್ಷೆ ಸುಲಭ: ಮುಷ್ಟಿಯಲ್ಲಿ ಹಿಸುಕಿ ಬಿಡಿ. ಮುದುಡಿಯೇ ಉಳಿದರೆ ಕಾಗದ. ತಾನಾಗಿ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಬೆರೆತದ್ದು. ಅದನ್ನು ರದ್ದಿಯವನೂ ಕೊಳ್ಳನು.

ಈ ಸಲ ಉಡುಗೊರೆಯನ್ನು ರವಿಕೆಯ ಕಣದಲ್ಲಿಯೇ ಸುತ್ತಿ, ಗಂಟು ಹಾಕಿ ಕೊಟ್ಟು ನೋಡಿ. ಅಂಟೂ ಬೇಡ, ಕತ್ತರಿಯೂ ಬೇಡ. ತಿಂಡಿಯಾದರೆ ಸ್ಟೀಲಿನ ಡಬ್ಬಿ ಸಾಕು. ಡಬ್ಬಿ ಹಿಂದಿರುಗುವುದೋ ಇಲ್ಲವೋ ಎಂಬ ಶಂಕೆ ಬೇಡ. ಬರಿದಾಗಿ ಕಳುಹಿಸಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿಯೇ ಕಳುಹಿಸುತ್ತಾರೆ.