ಅಗಲ ನೋಟದ ಕ್ಯಾಮೆರಾ: ಆಯ್ಕೆಯ ಹಿಂದಿನ ಲೆಕ್ಕ



ಕಾಲೇಜು, ವಿದ್ಯಾರ್ಥಿನಿಲಯ, ಬ್ಯಾಂಕು, ಅಂಗಡಿ, ಹೀಗೆ ಇಂದು ಎಷ್ಟೋ ಕಟ್ಟಡಗಳ ಹೊರಗೋಡೆಯ ಮೇಲೆ ಕಾವಲು ಕ್ಯಾಮೆರಾ ಇರುತ್ತದೆ. ಆದರೂ ಕಳವಾದ ಮರುದಿನ ದಾಖಲೆಯನ್ನು ತೆರೆದು ನೋಡಿದವರು ಹಲವು ಬಾರಿ ಹೇಳುವ ಮಾತು ಒಂದೇ: “ಯಾರೋ ಬಂದದ್ದು ಕಾಣುತ್ತದೆ, ಆದರೆ ಯಾರೆಂದು ತಿಳಿಯುವುದಿಲ್ಲ.” ಕ್ಯಾಮೆರಾ ಕೆಟ್ಟಿರುವುದಿಲ್ಲ, ವಿದ್ಯುತ್ತೂ ಹೋಗಿರುವುದಿಲ್ಲ. ಹಾಗಾದರೆ ದೋಷವೆಲ್ಲಿ? ಬಹಳ ವೇಳೆ ಅದು ಮಸೂರದ ಆಯ್ಕೆಯಲ್ಲಿರುತ್ತದೆ. ಇದನ್ನು ಅರಿಯಲು ನೀವು ಶಾಲೆಯಲ್ಲಿ ಕಲಿತ ತ್ರಿಕೋನಮಿತಿಯೇ ಸಾಕು.

ಮಸೂರದ ಸಂಗಮದೂರ ಕಡಿಮೆಯಾದಷ್ಟೂ ಅದು ನೋಡುವ ಕೋನ ಹಿಗ್ಗುತ್ತದೆ. ಹೊರಗೋಡೆಗೆ ಹಾಕುವ ಸಾಮಾನ್ಯ ಕ್ಯಾಮೆರಾದಲ್ಲಿ 2.8 ಮಿಲಿಮೀಟರ್ ಮಸೂರವಿದ್ದರೆ ಅಡ್ಡಗಲದ ಕೋನ ಸುಮಾರು 90ರಿಂದ 110 ಡಿಗ್ರಿ. ಲೆಕ್ಕದ ಅನುಕೂಲಕ್ಕಾಗಿ 90 ಡಿಗ್ರಿ ಎಂದಿಟ್ಟುಕೊಳ್ಳೋಣ. ಅದರ ಅರ್ಧ 45 ಡಿಗ್ರಿ; 45 ಡಿಗ್ರಿಯ ಟ್ಯಾನ್ ಬೆಲೆ 1. ಆದುದರಿಂದ ನೋಟದ ಅಗಲ ಯಾವಾಗಲೂ ದೂರದ ಎರಡರಷ್ಟು. 4 ಮೀಟರ್ ದೂರದಲ್ಲಿ 8 ಮೀಟರ್ ಅಗಲ, 10 ಮೀಟರಿನಲ್ಲಿ 20, 20 ಮೀಟರಿನಲ್ಲಿ 40.

ಈಗ ಚಿತ್ರಬಿಂದುಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಈ ಅಗಲಕ್ಕೆ ಹಂಚಿ ನೋಡಿ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಸಾಲಿನಲ್ಲಿ 1920 ಪಿಕ್ಸೆಲ್‌ಗಳಿರುತ್ತವೆ. 4 ಮೀಟರ್ ದೂರದಲ್ಲಿ ಮೀಟರಿಗೆ 240, 10 ಮೀಟರಿನಲ್ಲಿ 96, 20 ಮೀಟರಿನಲ್ಲಿ ಕೇವಲ 48 ಪಿಕ್ಸೆಲ್ ದೊರೆಯುತ್ತವೆ. ಮನುಷ್ಯನ ಮುಖದ ಅಗಲ ಸುಮಾರು 16 ಸೆಂಟಿಮೀಟರ್. ಹಾಗಾಗಿ 20 ಮೀಟರ್ ದೂರದ ಮುಖಕ್ಕೆ ಅಡ್ಡಲಾಗಿ ಸಿಗುವುದು ಎಂಟೇ ಪಿಕ್ಸೆಲ್! ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 2014ರಲ್ಲಿ ಪ್ರಕಟಿಸಿದ ಮಾನಕದ ಪ್ರಕಾರ, ಯಾರೋ ಇದ್ದಾರೆಂದು ತಿಳಿಯಲು ಮೀಟರಿಗೆ 25, ಪರಿಚಿತರನ್ನು ಗುರುತಿಸಲು 125, ಅಪರಿಚಿತರ ಗುರುತನ್ನು ಖಚಿತಪಡಿಸಲು 250 ಪಿಕ್ಸೆಲ್ ಬೇಕು. ಅಂದರೆ ನಮ್ಮ ಕ್ಯಾಮೆರಾ 10 ಮೀಟರಿನಲ್ಲಿ ಪರಿಚಿತರನ್ನು ಗುರುತಿಸುವ ಮಟ್ಟವನ್ನೂ ಮುಟ್ಟುವುದಿಲ್ಲ.

ಹೆಚ್ಚು ಮೆಗಾಪಿಕ್ಸೆಲ್ ಕೊಂಡರೆ ಸರಿಹೋಗುವುದಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಹೌದು. 8 ಮೆಗಾಪಿಕ್ಸೆಲ್‌ನಲ್ಲಿ ಒಂದು ಸಾಲಿಗೆ 3840 ಪಿಕ್ಸೆಲ್‌ಗಳು. ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟಾದರೂ ಉಪಯುಕ್ತ ದೂರ ಹೆಚ್ಚುವುದು ಎರಡೇ ಪಟ್ಟು. ಸಂಗ್ರಹಕ್ಕೆ ಬೇಕಾದ ಸ್ಥಳವೂ ಬೆಳೆಯುತ್ತದೆ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ದಾಖಲಿಸುವ ಒಂದೇ ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್, 30 ದಿನಕ್ಕೆ 1.3 ಟೆರಾಬೈಟ್ ತುಂಬಿಸುತ್ತದೆ.

ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಜಾಗದಲ್ಲಿ ನಮಗೆ ತಿಳಿಯಬೇಕಾದದ್ದು “ಏನಾಯಿತು” ಎಂಬುದೋ, “ಯಾರು” ಎಂಬುದೋ? ಅಂಗಳ, ವಾಹನ ನಿಲ್ದಾಣ, ಗೋಡೆಯ ಉದ್ದಕ್ಕೂ ಏನಾಯಿತೆಂದು ತಿಳಿಯಲು ಅಗಲ ಕೋನವೇ ಸೂಕ್ತ. ಗೇಟಿನಲ್ಲಿ ಬಂದವರು ಯಾರೆಂದು ತಿಳಿಯಲು ಕಿರಿದಾದ ಕೋನ ಬೇಕು. ಅದೇ 1920 ಪಿಕ್ಸೆಲ್‌ಗಳ ಕ್ಯಾಮೆರಾಗೆ 30 ಡಿಗ್ರಿಯ ಮಸೂರವಿದ್ದರೆ, 10 ಮೀಟರ್ ದೂರದಲ್ಲಿ ಅದು ನೋಡುವ ಅಗಲ ಸುಮಾರು 5.4 ಮೀಟರ್, ಮೀಟರಿಗೆ 350ಕ್ಕೂ ಹೆಚ್ಚು ಪಿಕ್ಸೆಲ್. ದುಬಾರಿಯಾದ ಒಂದೇ ಕ್ಯಾಮೆರಾಕ್ಕಿಂತ ಅಗಲ ನೋಟದ್ದೊಂದು, ಕಿರುನೋಟದ್ದೊಂದು ಎಂದು ಸಾಧಾರಣವಾದ ಎರಡು ಇದ್ದರೆ ಎಷ್ಟೋ ಮೇಲು.

ಸ್ಥಳದ ಆಯ್ಕೆಯೂ ಮುಖ್ಯ. ಆರು ಮೀಟರ್ ಎತ್ತರಕ್ಕೇರಿಸಿದ ಕ್ಯಾಮೆರಾ ಹತ್ತಿರ ಬಂದವರ ನೆತ್ತಿಯನ್ನು ತೋರಿಸುತ್ತದೆ, ಮುಖವನ್ನಲ್ಲ. ಮುಖ ಬೇಕಾದಲ್ಲಿ ಮೂರು ಮೀಟರಿನೊಳಗಿರಲಿ. ಪೂರ್ವಕ್ಕೆ ಮುಖಮಾಡಿದ ಕ್ಯಾಮೆರಾಕ್ಕೆ ಬೆಳಗಿನ ಬಿಸಿಲು, ಪಶ್ಚಿಮಕ್ಕೆ ಮುಖಮಾಡಿದ್ದಕ್ಕೆ ಸಂಜೆಯ ಬಿಸಿಲು ಎದುರಾಗುತ್ತದೆ. ಇರುಳಿನಲ್ಲಿ ಅವಕೆಂಪು ದೀಪದ ಬೆಳಕು, ನೀವು ಕಲಿತ ವಿಲೋಮ ವರ್ಗ ನಿಯಮದಂತೆ, ದೂರ ಎರಡು ಪಟ್ಟಾದರೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಗಲ ನೋಟದ ಚೌಕಟ್ಟಿನೊಳಗೆ ಪಕ್ಕದ ಗೋಡೆ ಅಥವಾ ಸೂರು ಸಿಕ್ಕಿಬಿದ್ದರೆ, ಅದರಿಂದ ಪ್ರತಿಫಲಿಸಿದ ಬೆಳಕೇ ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಮಳೆ, ಧೂಳು ತಡೆಯಲು ಐಪಿ 66 ಅಥವಾ 67 ದರ್ಜೆ ಇದೆಯೇ ಎಂದೂ ನೋಡಬೇಕು.

ಕೊನೆಯದಾಗಿ ಒಂದು ಮಾತು. ಅಗಲ ನೋಟದ ಮಸೂರ ನಮ್ಮ ಅಂಗಳದ ಗಡಿಯಲ್ಲಿ ನಿಲ್ಲುವುದಿಲ್ಲ. ನೆರೆಮನೆಯ ಕಿಟಕಿಯೂ, ಎದುರಿನ ಹುಡುಗಿಯರ ವಿದ್ಯಾರ್ಥಿನಿಲಯದ ಜಗಲಿಯೂ ಅದರೊಳಗೆ ಬಂದುಬಿಡುತ್ತವೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ನೆರೆಯವರ ಭಾಗವನ್ನು ಚಿತ್ರದಲ್ಲಿ ಕಪ್ಪಾಗಿಸಿ ಮರೆಮಾಡುವ ಸೌಲಭ್ಯ ಅನೇಕ ಕ್ಯಾಮೆರಾಗಳಲ್ಲಿದೆ. ಅದನ್ನು ಬಳಸುವುದು ನೆರೆಹೊರೆಯವರಿಗೆ ನಾವು ತೋರಬೇಕಾದ ಗೌರವ.

ಒಂದು ಅಳತೆ ಟೇಪು ಹಿಡಿದು ನಿಮ್ಮ ಕಾಲೇಜಿನ ಗೇಟಿನ ಅಗಲವನ್ನೂ, ಅಲ್ಲಿಂದ ಕ್ಯಾಮೆರಾದವರೆಗಿನ ದೂರವನ್ನೂ ಅಳೆಯಿರಿ. ಮೀಟರಿಗೆ ಎಷ್ಟು ಪಿಕ್ಸೆಲ್ ಬೀಳುತ್ತವೆಂದು ಲೆಕ್ಕ ಹಾಕಿ, ನಿಮ್ಮ ಪ್ರಾಂಶುಪಾಲರಿಗೆ ತೋರಿಸಿ. ನಿಮ್ಮ ಕಾಲೇಜನ್ನು ಕಾಯುತ್ತಿರುವ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದು ಆಗ ಎಲ್ಲರಿಗೂ ತಿಳಿಯುತ್ತದೆ.