ಹಂಚಿಕೆಯಲ್ಲಿ ಬಿಟ್ಟುಹೋಗುವ ಮಕ್ಕಳು
(ಕಾರ್ಮಿಕರ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ನಾವು ಅನೇಕ ಸಲ ಓದಿದ್ದೇವೆ. ಯೆರೂಸಲೇಮಿನ ಸಭೆಯಲ್ಲಿ ಬಡವರಿಗೆಂದು ಹಣವಿತ್ತು, ಕೊಡುವ ಮನಸ್ಸೂ ಇತ್ತು. ಆದರೂ ಗ್ರೀಕ್ ಭಾಷೆಯನ್ನಾಡುವ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಬಿಟ್ಟುಹೋದರು. ಗುಣುಗುಟ್ಟುವ ಮಾತು ಎದ್ದಿತು. ಅಪೊಸ್ತಲರು ಗುಣುಗುಟ್ಟಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿರೆಂದು ಸಭೆಗೇ ಹೇಳಿ, ಸಭೆ ಆರಿಸಿದವರ ಕೈಗೆ ಆ ಕೆಲಸವನ್ನು ಒಪ್ಪಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಬಿಟ್ಟುಹೋದವರ ಕಡೆಯವರಿಗೇ ಹಂಚಿಕೆಯ ಜವಾಬ್ದಾರಿ ಬಂದಿತೆಂದು ಇದರಿಂದ ಕಾಣುತ್ತದೆ.

ಈ ಮಾತು ಗಡಿಯಾಚೆಯ ಕನ್ನಡಿಗರಾದ ನಮಗೆ ಬೇಗ ನಾಟಬೇಕು. ನಾವು ಕೂಲಿಯವರು, ಮೇಲಾಗಿ ಆ ರಾಜ್ಯದಲ್ಲಿ ಬೇರೆ ಭಾಷೆಯವರು. ಜತ್ತದ ಕಡೆಯಿಂದ ಕಬ್ಬು ಕಡಿಯಲು ಹೋಗುವವರ ಮಕ್ಕಳು ದೀಪಾವಳಿಯ ಹೊತ್ತಿಗೆ ಶಾಲೆ ಬಿಟ್ಟು, ಬೇಸಿಗೆಗೆ ಮರಳುವಾಗ ಪಾಠ ಬಹುದೂರ ಸಾಗಿರುತ್ತದೆ. ನೀಲಗಿರಿಯ ತೋಟದ ಲೈನುಗಳಲ್ಲಿ ತಾಯಿ ಬೆಳಗ್ಗೆಯೇ ಎಲೆ ಕೀಳಲು ಹೊರಟಮೇಲೆ ಮಗು ಶಾಲೆಗೆ ಹೋಯಿತೋ ಇಲ್ಲವೋ ನೋಡುವವರಿಲ್ಲ.

ಇಂಥ ಮಕ್ಕಳಿಗೆಂದೇ ಸರ್ಕಾರ ಹೆಚ್ಚಿನ ಹಣವನ್ನು ಇಟ್ಟಿದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯ 2021–26ರ ನಿಯಮಗಳನ್ನು ನೋಡೋಣ. 8ನೆಯ ತರಗತಿಯವರೆಗಿನ ಸರ್ಕಾರಿ ಶಾಲೆಯ ಎಲ್ಲ ಹುಡುಗಿಯರಿಗೆ, ಪರಿಶಿಷ್ಟ ಜಾತಿ, ಪಂಗಡದ ಹಾಗೂ ಬಡತನ ರೇಖೆಯ ಕೆಳಗಿನ ಹುಡುಗರಿಗೆ ಸಮವಸ್ತ್ರಕ್ಕೆ ತಲೆಗೆ 600 ರೂಪಾಯಿ. ಶಾಲೆ ಬಿಟ್ಟವರಿಗೆ ವಿಶೇಷ ತರಬೇತಿ. ಗುಳೆ ಹೋಗುವವರ ಮಕ್ಕಳಿಗೆ ಹಂಗಾಮಿ ವಸತಿಗೃಹ. ಇವುಗಳ ಜೊತೆಗೆ ಶಾಲೆಗೆ ಒಟ್ಟು ಅನುದಾನ: 30 ಮಕ್ಕಳವರೆಗೆ ವರ್ಷಕ್ಕೆ 10,000, 100ರವರೆಗೆ 25,000, 250ರವರೆಗೆ 50,000 ರೂಪಾಯಿ.

ಲೆಕ್ಕ ಹಾಕಿ ನೋಡಿರಿ. ಮೂವತ್ತು ಮಕ್ಕಳ ಶಾಲೆಯಲ್ಲಿ ಈ ಅನುದಾನ ಮಗುವಿಗೆ ದಿನಕ್ಕೆ ಒಂದು ರೂಪಾಯಿಯೂ ಆಗದು. ಅದರಲ್ಲೇ ಸೀಮೆಸುಣ್ಣ, ವಿದ್ಯುತ್ ಬಿಲ್ಲು, ನೀರು, ಶೌಚಾಲಯ, ಸಣ್ಣಪುಟ್ಟ ರಿಪೇರಿ. ಆದುದರಿಂದ ಹಣ ಎಷ್ಟು ಬಂತು ಎನ್ನುವಷ್ಟೇ ಮುಖ್ಯ, ಅದು ಯಾವ ಮಗುವನ್ನು ಮುಟ್ಟಿತು ಎಂಬ ಪ್ರಶ್ನೆ. ಗೋಡೆಗೆ ಬಣ್ಣ ಬಳಿದರೆ ನೋಡಿದವರಿಗೆಲ್ಲ ಕಾಣುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಮಗು ಅಕ್ಷರ ಕೂಡಿಸಲಾರದೆ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಶ್ರೀಮಂತ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಇಂಗ್ಲೆಂಡಿನಲ್ಲಿ 2011ರಿಂದ ಬಡ ಮಕ್ಕಳ ಸಂಖ್ಯೆಯ ಮೇಲೆ ಶಾಲೆಗಳಿಗೆ ಹೆಚ್ಚುವರಿ ಹಣ ಕೊಡುತ್ತಾರೆ. ಅಲ್ಲಿ ಶಾಲೆಗಳಿಗೆ ಹೇಳುವ ಕ್ರಮವಿದು: ಮೊದಲು ತರಗತಿಯ ಪಾಠ ಒಳ್ಳೆಯದಾಗಲಿ, ಎರಡನೆಯದಾಗಿ, ಹಿಂದುಳಿದವರಿಗೆ ಚಿಕ್ಕ ಗುಂಪಿನಲ್ಲಿ ಪಾಠ, ಮೂರನೆಯದಾಗಿ, ಹಾಜರಿಗೆ ಅಡ್ಡಿಯಾಗುವ ಕಾರಣಗಳನ್ನು ತೆಗೆಯುವುದು. ಹಣವನ್ನು ಹೇಗೆ ಬಳಸಿದೆವೆಂದು ಪ್ರತಿ ಶಾಲೆಯೂ ವರ್ಷವರ್ಷ ಬಹಿರಂಗವಾಗಿ ಬರೆದು ಪ್ರಕಟಿಸಬೇಕು. ನಮ್ಮ ದೇಶದಲ್ಲಿಯೂ ಪ್ರಥಮ್ ಸಂಸ್ಥೆಯವರು ಒಂದು ದಾರಿ ತೋರಿಸಿದ್ದಾರೆ. ತರಗತಿಯನ್ನು ನೋಡದೆ ಓದುವ ಮಟ್ಟವನ್ನು ನೋಡಿ ಮಕ್ಕಳನ್ನು ಗುಂಪು ಮಾಡಿ, ದಿನದಲ್ಲಿ ಸ್ವಲ್ಪ ಹೊತ್ತು ಆ ಮಟ್ಟದಿಂದಲೇ ಕಲಿಸುವುದು. ಇದಕ್ಕೆ ದೊಡ್ಡ ಹಣ ಬೇಡ. ಹೊತ್ತು ಬೇಕು, ಗಮನ ಬೇಕು.

ಇದನ್ನು ಕೇಳುವವರು ಯಾರು? ನಾವೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ಸರ್ಕಾರಿ ಶಾಲೆಗಳಿಗೆ ನಿರ್ವಹಣಾ ಸಮಿತಿಯನ್ನು ವಿಧಿಸಿದೆ. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು ಅಥವಾ ಪೋಷಕರು ಇರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು, ಹಿಂದುಳಿದವರಿಗೂ ಬಡವರಿಗೂ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು, ಬಂದ ಅನುದಾನದ ಬಳಕೆಯನ್ನು ನೋಡುವುದು ಇದರ ಕರ್ತವ್ಯ. ಯೆರೂಸಲೇಮಿನ ಏಳು ಮಂದಿಗೆ ಕೊಟ್ಟ ಕೆಲಸವನ್ನೇ ಕಾನೂನು ನಮ್ಮ ಕೈಗೆ ಕೊಟ್ಟಿದೆ.

ಆದರೆ ನಮ್ಮಲ್ಲಿ ಎಷ್ಟು ಮಂದಿ ಸಭೆಗೆ ಹೋಗುತ್ತೇವೆ? ಹಗಲಲ್ಲಿ ಸಭೆಯಿಟ್ಟರೆ ಕೂಲಿ ಹೋಗುತ್ತದೆ. ಸಂಜೆಗೆ ಇಡಿರೆಂದು ಕೇಳೋಣ. ಓದು ಬಾರದೆಂಬ ನಾಚಿಕೆ ಬೇಡ. ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ನಮ್ಮ ಭಾಷೆಯಲ್ಲಿ ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತೋಣ. ಮೂರು ಪ್ರಶ್ನೆ ಸಾಕು: ಈ ವರ್ಷ ಏನೇನು ಬಂತು? ಯಾವುದಕ್ಕೆ ಹೋಯಿತು? ಅದರಿಂದ ಓದಲಾರದ ಮಗು ಓದುವಂತಾಯಿತೇ?

ಮೇಷ್ಟ್ರನ್ನು ಕಳ್ಳರಂತೆ ನೋಡಬೇಡಿರಿ. ಅನುದಾನ ತಡವಾದಾಗ ಕೈಯಿಂದ ಖರ್ಚು ಮಾಡುವವರೂ ಅವರಲ್ಲಿದ್ದಾರೆ. ಹಣ ಬಾರದಿದ್ದರೆ ಅವರ ಜೊತೆ ನಿಂತು ಮೇಲಿನವರಿಗೆ ಅರ್ಜಿ ಕೊಡೋಣ.

ನಮ್ಮ ಸಭೆಗಳು ನಡೆಸುವ ಶಾಲೆಗಳಿಗೂ ಒಂದು ಮಾತು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳನ್ನು ಈ ಕಾನೂನಿನ ಹೊರಗಿಟ್ಟಿತು. ಕಾನೂನು ಕಟ್ಟದಿದ್ದರೂ ಸುವಾರ್ತೆ ನಮ್ಮನ್ನು ಕಟ್ಟುತ್ತದೆ. ಬಡವರ ಹೆಸರಿನಲ್ಲಿ ಪಡೆದ ಕಾಣಿಕೆಯ ಲೆಕ್ಕವನ್ನು ಬಡವರ ಮುಂದೆ ಇಡುವುದು ಕ್ರೈಸ್ತರಿಗೆ ತಕ್ಕ ನಡತೆ.

ಅಂದು ಆ ವಿಧವೆಯರ ಪರವಾಗಿ ಮಾತಾಡಿದವರು ಸುಮ್ಮನಿದ್ದಿದ್ದರೆ ಏಳು ಮಂದಿ ನೇಮಕವಾಗುತ್ತಿರಲಿಲ್ಲ. ಈ ಶಾಲೆಯ ವರ್ಷದಲ್ಲಿ ನಮ್ಮ ಪ್ರತಿಯೊಂದು ಕೇರಿಯಿಂದ ಒಬ್ಬ ತಾಯಿಯಾದರೂ ಸಮಿತಿಯಲ್ಲಿ ಕೂತುಕೊಳ್ಳಲಿ. ಮಾತಾಡುವ ಧೈರ್ಯವನ್ನೂ ಪ್ರೀತಿಯಿಂದ ಮಾತಾಡುವ ನಾಲಿಗೆಯನ್ನೂ ಕರ್ತನು ನಮಗೆ ದಯಪಾಲಿಸಲಿ. ಆಮೆನ್.